ಬೀದಿ ಸುತ್ತಿದ ಸೂಟ್‌ಕೇಸು

ಯಾಮಿಲೆಯ ಬೇಕರಿ ವ್ಯಾನು ಅವೆನಿದಾ ಬೊಯಾಕಾ ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತ್ತು. ಮುಂದೆ ಒಂದು ಸಿಮೆಂಟ್ ಲಾರಿ, ಹಿಂದೆ ಶಾಲೆಯ ಬಸ್ಸು, ಎಡಕ್ಕೂ ಬಲಕ್ಕೂ ಕನ್ನಡಿ ಸವರಿಕೊಂಡು ನುಗ್ಗುವ ಮೋಟರ್‌ಸೈಕಲ್ಲುಗಳು. ಬೆಳಗಿನ ಹೊತ್ತು ಬೊಗೊಟಾದಲ್ಲಿ ಬೇಗ ತಲುಪುತ್ತೇನೆ ಎನ್ನುವವನು ಒಂದೋ ಊರಿಗೆ ಹೊಸಬ, ಇಲ್ಲವೋ ಸುಳ್ಳುಗಾರ. ಎವೆಲಿಯೊ ಎರಡೂ ಅಲ್ಲ. ಅದಕ್ಕೇ ಬೆಳಕು ಹರಿಯುವ ಮುಂಚೆ ಹೆಂಡತಿಯನ್ನು ವಿಮಾನ ನಿಲ್ದಾಣಕ್ಕೆ ಹೊರಡಿಸಿಕೊಂಡು ಬಂದಿದ್ದ. ಬಂದು ಏನು ಪ್ರಯೋಜನ? ಊರಿಗೆ ಊರೇ ಅದೇ ಯೋಚನೆ ಮಾಡಿ ಅದೇ ಹೊತ್ತಿಗೆ ರಸ್ತೆಗಿಳಿದಿತ್ತು.

ಅವನದೇ ಒಂದು ಪುಟ್ಟ ಕಾರಿದೆ. ಆದರೆ ಊರಿನ ಟ್ರಾಫಿಕ್ ನಿಯಮದಂತೆ ಆ ನಂಬರಿನ ಕಾರುಗಳು ಅಂದು ರಸ್ತೆಗೆ ಬರುವಂತಿರಲಿಲ್ಲ. ಬಂದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ. ನಾದಿನಿ ನೊಹೆಮಿ ಸ್ಪೇನಿನಲ್ಲಿ ಕೂತು ಟಿಕೆಟ್ ತೆಗೆಸುವಾಗ ಅಗ್ಗದ ದಿನ ಯಾವುದೆಂದು ನೋಡಿದ್ದಳೇ ಹೊರತು ಭಾವನ ಕಾರಿನ ನಂಬರು ನೋಡಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಬೇಕರಿ ಯಾಮಿಲೆ ತನ್ನ ವ್ಯಾನಿನ ಕೀಲಿ ಕೊಟ್ಟು, ಹಿಂದೆ ಒಂದು ಟ್ರೇ ತುಂಬ ಬಿಸಿ ಚೀಸ್ ಬನ್ನನ್ನೂ ಇಟ್ಟು, ದಾರಿಯಲ್ಲಿ ತಿನ್ನಿ ಎಂದಿದ್ದಳು. ಇಬ್ಬರಿಗೆ ಒಂದು ಟ್ರೇ. ಯಾಮಿಲೆಯ ಕೈ ದೊಡ್ಡದು.

ಎವೆಲಿಯೊ ಕ್ಷೌರದವನು. ತುನಾಲ್ ಬಡಾವಣೆಯಲ್ಲಿ ಒಂದೇ ಕುರ್ಚಿಯ ಅಂಗಡಿ. ಅಂಗಡಿಯಲ್ಲಿ ಮಾತಿನ ಮಲ್ಲ, ಮನೆಯಲ್ಲಿ ಬಾಯಿಗೆ ಬೀಗ. ಆ ಬೀಗದ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ ಒತಿಲಿಯಾ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಅಭ್ಯಾಸ ಮಾಡಿಕೊಂಡಿದ್ದಳು. ಈಗಲೂ ಆಡುತ್ತಿದ್ದಳು. ಫ್ರಿಜ್ಜಿನಲ್ಲಿ ಸೂಪು ಇದೆ, ಭಾನುವಾರದೊಳಗೆ ಮುಗಿಸಬೇಕು. ಗಿಡಕ್ಕೆ ನೀರು ಹಾಕಬೇಕು, ಆದರೆ ಪ್ರೀತಿ ಹೆಚ್ಚಾಗಿ ಮುಳುಗಿಸಬಾರದು. ಮಲಗುವ ಮುಂಚೆ ಗ್ಯಾಸು ನೋಡಬೇಕು. ಎವೆಲಿಯೊ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದ. ಮೂರು ತಿಂಗಳು ಈ ದನಿ ಮನೆಯಲ್ಲಿ ಇರುವುದಿಲ್ಲ ಎಂಬುದು ಅವನ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು.

ಮೂರು ತಿಂಗಳಾದರೆ ಹೇಗೋ ತಡೆದುಕೊಂಡಾನು. ಅವನ ಭಯ ಅದಲ್ಲ. ಮೂಲೆಯ ಔಷಧಿ ಅಂಗಡಿಯ ಅರ್ನುಲ್ಫೊನ ಹೆಂಡತಿಯೂ ಎರಡು ತಿಂಗಳಿಗೆಂದು ಸ್ಪೇನಿಗೆ ಹೋದವಳು. ಹೋಗಿ ಆರು ವರ್ಷವಾಯಿತು. ಮೊದಮೊದಲು ಬರುತ್ತೇನೆ ಎನ್ನುತ್ತಿದ್ದಳಂತೆ, ಆಮೇಲೆ ನೋಡೋಣ ಎಂದಳಂತೆ, ಈಗ ಹುಟ್ಟುಹಬ್ಬಕ್ಕೆ ಫೋನು ಮಾಡುತ್ತಾಳೆ. ಒತಿಲಿಯಾಳ ಪಯಣದ ಸುದ್ದಿ ಹಬ್ಬಿದ ಮೇಲೆ ಕುರ್ಚಿಯಲ್ಲಿ ಕೂತ ಗಿರಾಕಿಗಳೆಲ್ಲ ಎವೆಲಿಯೊನನ್ನು ಗೋಳು ಹೊಯ್ದುಕೊಂಡಿದ್ದರು. ಅಡುಗೆ ಕಲಿತೆಯಾ, ಬಟ್ಟೆ ಒಗೆಯಲು ಕಲಿತೆಯಾ, ಅರ್ನುಲ್ಫೊನ ಜೊತೆ ಒಂದೇ ಮನೆ ಮಾಡಿಬಿಡು ಬಾಡಿಗೆ ಉಳಿಯುತ್ತದೆ ಎಂದು ನಕ್ಕಿದ್ದರು. ಎವೆಲಿಯೊ ತಾನೂ ನಕ್ಕಿದ್ದ. ಕತ್ತಿ ಕೈಯಲ್ಲಿದ್ದವನು ಗಿರಾಕಿಯ ಜೊತೆ ನಗಲೇಬೇಕು.

ಹೋಗಬೇಡ ಎನ್ನುವ ಬಾಯಿ ಅವನಿಗಿರಲಿಲ್ಲ. ನೊಹೆಮಿ ಇಪ್ಪತ್ತು ವರ್ಷದಿಂದ ವೇಲೆನ್ಸಿಯಾದಲ್ಲಿ ಊರವರ ಮುದುಕ ಮುದುಕಿಯರನ್ನು ನೋಡಿಕೊಂಡು ಬದುಕಿದವಳು. ಈಗ ಅವಳದೇ ಸೊಂಟಕ್ಕೆ ಆಪರೇಷನ್ನು, ಗುರುವಾರಕ್ಕೆ. ಎಷ್ಟೋ ಜನರನ್ನು ಹಾಸಿಗೆಯಿಂದ ಎತ್ತಿ ಕೂರಿಸಿದವಳನ್ನು ಎತ್ತಿ ಕೂರಿಸಲು ಯಾರೂ ಇಲ್ಲ. ಅಕ್ಕ ಬರುತ್ತಾಳೆಂದು ತಿಳಿದ ದಿನ ಅವಳು ಫೋನಿನಲ್ಲಿ ಮಗುವಿನಂತೆ ಅತ್ತಿದ್ದಳು. ಅದನ್ನು ಕೇಳಿಸಿಕೊಂಡವನು ಇನ್ನು ಏನೆಂದಾನು?

ಲಾರಿ ನಾಲ್ಕು ಮಾರು ಮುಂದೆ ಹೋಯಿತು. ವ್ಯಾನೂ ಹೋಯಿತು. ಮತ್ತೆ ನಿಂತವು. ಫ್ಲಾಸ್ಕು ಹೊತ್ತ ಹೆಂಗಸೊಬ್ಬಳು ಗಾಡಿಗಳ ಸಂದಿಯಲ್ಲಿ ಕಪ್ಪು ಕಾಫಿ ಮಾರುತ್ತ ಬಂದಳು. ಎವೆಲಿಯೊ ಎರಡು ಲೋಟ ತೆಗೆದುಕೊಂಡ. ಒತಿಲಿಯಾ ಕಾಫಿ ಕುಡಿದು, ಬಾಯಿ ಒರೆಸಿಕೊಂಡು, ಬಾಲಯೇಸುವಿನ ಪಟಕ್ಕೊಂದು ಮುತ್ತು ಕೊಡೋಣವೆಂದು ಕೈಚೀಲದಿಂದ ಪಾಸ್‌ಪೋರ್ಟಿನ ಚರ್ಮದ ಕವರು ತೆಗೆದಳು. ನೊಹೆಮಿ ಕಳಿಸಿದ ಕೆಂಪು ಕವರು. ಪಟ ಅದರೊಳಗೇ ಇತ್ತು. ಲಸಿಕೆಯ ಕಾರ್ಡೂ ಇತ್ತು. ಪಾಸ್‌ಪೋರ್ಟ್ ಇರಲಿಲ್ಲ.

ಆಕೆ ಕವರನ್ನು ತಿರುಗಿಸಿದಳು, ಕೊಡವಿದಳು. ಚೀಲವನ್ನೇ ಮಡಿಲಿಗೆ ಸುರಿದುಕೊಂಡಳು. ಬಾಚಣಿಗೆ, ಮಾತ್ರೆ, ಜಪಸರ, ಮೂರು ಕರವಸ್ತ್ರ, ನೊಹೆಮಿಗೆಂದು ಕಟ್ಟಿಸಿದ ಪೇರಲದ ಮಿಠಾಯಿ. ಹೊರಡುವ ಮುಂಚೆ ಮೂರು ಸಲ ಕವರನ್ನು ಮುಟ್ಟಿ ನೋಡಿ ಇದೆ ಎಂದುಕೊಂಡಿದ್ದಳು. ಕೈಗೆ ದಪ್ಪಗೆ ಸಿಕ್ಕಿದ್ದು ಆ ಕಾರ್ಡು. ಟಿಕೆಟ್ ತೆಗೆಸುವಾಗಲೂ ಪಾಸ್‌ಪೋರ್ಟಿನ ಫೋಟೊ ಫೋನಿನಲ್ಲಿದ್ದುದರಿಂದ ಅಸಲನ್ನು ಕೈಗೆತ್ತಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ.

ಒತಿಲಿಯಾಳ ಮಾತು ನಿಂತಿತು. ಅದು ನಿಂತಾಗಲೇ ಎವೆಲಿಯೊಗೆ ಏನೋ ಆಗಿದೆ ಎಂದು ತಿಳಿದದ್ದು.

"ಪಾಸ್‌ಪೋರ್ಟ್ ಇಲ್ಲ ಕಣ್ರೀ," ಎಂದಳು.

ಡ್ರಾಯರಿನಲ್ಲಿ ಇರಬಹುದೇ ಎಂದು ಕೇಳಿದ. ಡ್ರಾಯರನ್ನು ನಿನ್ನೆಯಷ್ಟೇ ಖಾಲಿ ಮಾಡಿ ಒರೆಸಿದ್ದಳಂತೆ. ಬೀರುವಿನಲ್ಲಿ? ಇಲ್ಲ. ದೊಡ್ಡ ಸೂಟ್‌ಕೇಸಿನಲ್ಲಿ? ಅದನ್ನು ಎರಡು ಸಲ ಬಿಚ್ಚಿ ಜೋಡಿಸಿದ್ದಾಗಿತ್ತು.

ಅಷ್ಟರಲ್ಲಿ ಎವೆಲಿಯೊಗೆ ನೆನಪಾಯಿತು.

ಡಿಸೆಂಬರಿನ ಕೊನೆಯ ರಾತ್ರಿ. ಹೊಸ ವರ್ಷದ ಗಂಟೆ ಹೊಡೆಯುತ್ತಲೇ ಬಾಯಿಗೆ ದ್ರಾಕ್ಷಿ ತುಂಬಿಕೊಂಡು, ಸೂಟ್‌ಕೇಸು ಹಿಡಿದು, ಮನೆಯ ಸುತ್ತಲ ಬೀದಿಗಳನ್ನು ಒಂದು ಸುತ್ತು ಹಾಕಿ ಬಂದರೆ ಆ ವರ್ಷ ಪ್ರಯಾಣದ ಯೋಗ ಬರುತ್ತದೆ ಎಂಬುದು ಊರಿನ ನಂಬಿಕೆ. ಬಡಾವಣೆಯ ಹೆಂಗಸರೆಲ್ಲ ಸುತ್ತುತ್ತಾರೆ, ಗಂಡಸರಲ್ಲೂ ಅರ್ಧ ಜನ ಸುತ್ತುತ್ತಾರೆ. ಒತಿಲಿಯಾ ಮದುವೆಯಾದ ವರ್ಷದಿಂದಲೂ ಒಂದು ಕಂದು ಬಣ್ಣದ ಸಣ್ಣ ಸೂಟ್‌ಕೇಸು ಹಿಡಿದು ಸುತ್ತುತ್ತಿದ್ದಳು. ಊರ ಹೊರಗಿನ ಬಿಸಿನೀರಿನ ಬುಗ್ಗೆ ಬಿಟ್ಟರೆ ಎಲ್ಲಿಗೂ ಹೋದವಳಲ್ಲ. ಎವೆಲಿಯೊ ಒಂದು ಸಲವೂ ಅವಳ ಜೊತೆ ಹೆಜ್ಜೆ ಹಾಕಿರಲಿಲ್ಲ. ಬಾಗಿಲಲ್ಲಿ ಕೈಕಟ್ಟಿ ನಿಂತು, ಬಸ್ಸು ತಪ್ಪಿತೇ ಎಂದು ಚುಡಾಯಿಸುವುದು ಅವನ ಪಾಲಿನ ಹಬ್ಬ. ಈ ಸಲ ಹೊಸ ಪಾಸ್‌ಪೋರ್ಟ್ ಬಂದಿತ್ತಲ್ಲ, ಯೋಗ ಗಟ್ಟಿಯಾಗಲೆಂದು ಆಕೆ ಅದನ್ನೂ ಆ ಸೂಟ್‌ಕೇಸಿಗೆ ಹಾಕಿದ್ದಳು. ಹಾಕಿ ಗಡಬಡಿಸಿ ಮುಚ್ಚಿದ್ದನ್ನು ಕೋಣೆಯ ಬಾಗಿಲಿನಿಂದ ಅವನು ಕಂಡಿದ್ದ. ಸುತ್ತು ಮುಗಿಯುವ ಹೊತ್ತಿಗೆ ಯಾಮಿಲೆ ಕುಣಿಯಲು ಎಳೆದುಕೊಂಡು ಹೋದಳು, ಪಟಾಕಿ ಶುರುವಾಯಿತು, ಸೂಟ್‌ಕೇಸು ಬೀರುವಿನ ತಲೆ ಮೇಲೆ ಹೋಗಿ ಕೂತಿತು. ಫೆಬ್ರವರಿ ಬಂದರೂ ಅಲ್ಲೇ ಕೂತಿದೆ.

ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಹೇಳದಿದ್ದರೆ? ತಾನು ನೋಡಿದ್ದು ಯಾರಿಗೂ ಗೊತ್ತಿಲ್ಲ. ತಾನೇನೂ ಬಚ್ಚಿಟ್ಟದ್ದಲ್ಲ, ಕದ್ದದ್ದಲ್ಲ. ಸುಮ್ಮನಿದ್ದರೆ ಸಾಕು, ಉಳಿದದ್ದನ್ನು ಈ ಟ್ರಾಫಿಕ್ಕೇ ನೋಡಿಕೊಳ್ಳುತ್ತದೆ. ಮುಂದಿನ ಸಿಗ್ನಲ್ಲಿನಲ್ಲಿ ವ್ಯಾನು ತಿರುಗಿಸಿದರೆ ಮನೆ. ಇವಳು ಅಳುತ್ತಾಳೆ, ಅತ್ತು ಮುಖ ತೊಳೆದುಕೊಳ್ಳುತ್ತಾಳೆ, ರಾತ್ರಿ ಸೂಪು ಬಿಸಿ ಮಾಡುತ್ತಾಳೆ. ನೊಹೆಮಿಗೆ ಯಾರಾದರೂ ಸಿಗುತ್ತಾರೆ. ನಾಳೆ ಅರ್ನುಲ್ಫೊ ಕೂದಲು ಕತ್ತರಿಸಿಕೊಳ್ಳಲು ಬಂದಾಗ ತಾನು ಮಾತ್ರ ಅವನಂತಲ್ಲದೆ ಹೆಂಡತಿ ಇರುವ ಮನೆಗೆ ಊಟಕ್ಕೆ ಹೋಗಬಹುದು. ಇಷ್ಟನ್ನೂ ಯೋಚಿಸುವ ಹೊತ್ತಿಗೆ ಮುಂದಿನ ಲಾರಿ ಬಹಳ ದೂರ ಸಾಗಿಹೋಗಿತ್ತು. ಹಿಂದಿನ ಶಾಲೆ ಬಸ್ಸು ಹಾರ್ನು ಬಡಿಯುತ್ತಿತ್ತು. ಅದರ ಡ್ರೈವರು ಮಕ್ಕಳೆದುರೇ ಎವೆಲಿಯೊನ ತಾಯಿಯನ್ನು ನೆನೆಸಿಕೊಂಡದ್ದೂ ಅವನ ಕಿವಿಗೆ ಬೀಳಲಿಲ್ಲ.

ಒತಿಲಿಯಾ ಅಳಲಿಲ್ಲ. ಅತ್ತಿದ್ದರೆ ಎವೆಲಿಯೊ ಸುಮ್ಮನಿರುತ್ತಿದ್ದನೋ ಏನೋ. ಆಕೆ ಕರವಸ್ತ್ರಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ಹಾಕಿದಳು. ಮಿಠಾಯಿಯ ಪೊಟ್ಟಣವನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತಳು.

"ನೊಹೆಮಿಗೆ ಈಗ ಯಾರು ಹೇಳ್ತಾರೆ?" ಎಂದಳು. "ಹಾಸಿಗೆ ಎಲ್ಲಾ ಹಾಸಿಟ್ಟಿದ್ದಾಳಂತೆ ನಂಗೆ."

ಎವೆಲಿಯೊಗೆ ತನ್ನ ಮೇಲೇ ಹೇಸಿಗೆಯಾಯಿತು. ಮೂವತ್ತು ವರ್ಷ ಕೈಯಲ್ಲಿ ಕತ್ತಿ ಹಿಡಿದು ಒಬ್ಬರ ಕೆನ್ನೆಗೂ ಗೀರು ಹಾಕದವನು ಈಗ ಸುಮ್ಮನೆ ಕೂತೇ ಇಬ್ಬರು ಹೆಂಗಸರ ಕುತ್ತಿಗೆ ಕೊಯ್ಯಲು ಹೊರಟಿದ್ದೆನಲ್ಲ ಎನಿಸಿತು. ಗೇರು ಹಾಕಿ ವ್ಯಾನನ್ನು ಮುಂದಕ್ಕೆ ಬಿಟ್ಟ.

"ಮಿಹಾ," ಎಂದ. ಪ್ರೀತಿ ಬಂದಾಗಲೂ ತಪ್ಪು ಮಾಡಿದಾಗಲೂ ಅವನು ಹೆಂಡತಿಯನ್ನು ಕರೆಯುವುದು ಹಾಗೆಯೇ. "ಹೊಸ ವರ್ಷದ ಸೂಟ್‌ಕೇಸಲ್ಲಿದೆ. ಬೀರು ಮೇಲೆ."

ಒತಿಲಿಯಾ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಫೋನು ತೆಗೆದು ಯಾಮಿಲೆಗೆ ಹಚ್ಚಿದಳು.

ಮನೆಯ ಇನ್ನೊಂದು ಕೀಲಿ ಯಾಮಿಲೆಯ ಬಳಿ ಇರುತ್ತದೆ. ಆಕೆ ಹಿಟ್ಟಿನ ಕೈಯಲ್ಲೇ ಓಡಿ, ಸ್ಟೂಲು ಹತ್ತಿ, ಸೂಟ್‌ಕೇಸು ಇಳಿಸಿದ್ದು ಫೋನಿನಲ್ಲೇ ಕೇಳಿಸಿತು. ಆದರೆ ಅದಕ್ಕೆ ಬೀಗ. ಬೀಗದ ಪುಟ್ಟ ಕೀಲಿ ಒತಿಲಿಯಾಳ ಕೊರಳ ಸರದಲ್ಲಿ, ಮಾತೆ ಮರಿಯಳ ಪದಕದ ಪಕ್ಕ ನೇತಾಡುತ್ತಿತ್ತು. ಖಾಲಿ ಸೂಟ್‌ಕೇಸಿಗೆ ಬೀಗ ಯಾತಕ್ಕೆ ಎಂದು ಎವೆಲಿಯೊ ಕೇಳಿದ. ಒತಿಲಿಯಾ ಕೇಳಿಸದವಳಂತೆ ಕಿಟಕಿಯಾಚೆ ನೋಡಿದಳು. ಒಡೆದುಬಿಡಲೇ ಎಂದಳು ಯಾಮಿಲೆ. ಬೇಡ, ಹಾಗೇ ತಂದುಬಿಡು ಎಂದಳು ಒತಿಲಿಯಾ. ಬೇಕರಿಗೆ ಬಾಗಿಲು ಎಳೆದು ಮೋಟರ್‌ಸೈಕಲ್ಲಿಗೆ ಸೂಟ್‌ಕೇಸು ಕಟ್ಟಿಕೊಂಡು ಬರುತ್ತೇನೆ, ನೀವು ವಿಮಾನ ನಿಲ್ದಾಣಕ್ಕೆ ನಡೆಯಿರಿ, ಅಲ್ಲಿ ಯಾರು ಮೊದಲು ಮುಟ್ಟುತ್ತಾರೋ ನೋಡೋಣ ಎಂದು ಆಕೆ ಫೋನಿಟ್ಟಳು. ಜೀವಮಾನದಲ್ಲಿ ಇಂಥದೊಂದು ಅವಕಾಶಕ್ಕೇ ಕಾದಿದ್ದವಳಂತಿತ್ತು ದನಿ.

ಆಮೇಲೆ ಎವೆಲಿಯೊ ಹೇಗೆ ಗಾಡಿ ಓಡಿಸಿದನೆಂದು ಅವನ ಗಿರಾಕಿಗಳಿಗೆ ಹೇಳಿದರೆ ನಂಬುವುದಿಲ್ಲ. ಹಳದಿ ದೀಪ ಕಂಡರೆ ನಿಲ್ಲುವವನು, ಕೈಗಾಡಿಯವನಿಗೂ ದಾರಿ ಬಿಡುವವನು, ಆ ಬೆಳಿಗ್ಗೆ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಕಾಲ್ಯೆ ತ್ರೇಸೆ ರಸ್ತೆಯ ತಿರುವಿನಲ್ಲಿ ಒಂದು ಬಸ್ಸು ಅಡ್ಡ ನಿಂತು ಜಾಗ ಬಿಡದಿದ್ದಾಗ ಒತಿಲಿಯಾ ಹಿಂದಕ್ಕೆ ಕೈ ಚಾಚಿ ಟ್ರೇಯಿಂದ ಎರಡು ಬನ್ನು ತೆಗೆದು ಕಿಟಕಿಯಿಂದ ಡ್ರೈವರಿಗೆ ಚಾಚಿದಳು.

"ವಿಮಾನ ತಪ್ತಾ ಇದೆ ಕಣಪ್ಪ. ತಗೋ, ಇನ್ನೂ ಬಿಸಿ ಇದೆ."

ಡ್ರೈವರು ಬನ್ನನ್ನು ನೋಡಿದ, ಇವರನ್ನು ನೋಡಿದ, ವ್ಯಾನಿನ ಮೇಲೆ ಬರೆದಿದ್ದ ನಗುವ ಬನ್ನಿನ ಚಿತ್ರವನ್ನೂ ನೋಡಿದ. ಬಸ್ಸು ಹಿಂದೆ ಸರಿಯಿತು. ಅಲ್ಲಿಂದ ಮುಂದೆ ಅದೇ ದಾರಿಯಾಯಿತು. ಟ್ಯಾಕ್ಸಿಯವನಿಗೆ ಒಂದು, ಲಾರಿಯ ಕ್ಲೀನರಿಗೆ ಒಂದು, ಸೀಟಿ ಊದುತ್ತಿದ್ದ ಟ್ರಾಫಿಕ್ ಪೊಲೀಸಮ್ಮನಿಗೆ ಮಾತ್ರ ಹೆದರಿ ಕೊಡಲಿಲ್ಲ. ಆಕೆಯೇ ಮೂಗರಳಿಸಿ ಕೇಳಿ ಇಸಿದುಕೊಂಡು ಕೈಬೀಸಿ ಕಳಿಸಿದಳು. ಹಸಿದ ಊರಿಗೆ ಬಿಸಿ ಬನ್ನಿಗಿಂತ ದೊಡ್ಡ ಶಿಫಾರಸು ಇನ್ನೇನು ಬೇಕು? ವಿಮಾನ ನಿಲ್ದಾಣದತ್ತ ಹೋಗುವ ಕಾಲ್ಯೆ ವೆಯಿಂತಿಸೇಯಿಸ್ ರಸ್ತೆಗೆ ತಿರುಗಿದಾಗ ಟ್ರೇಯಲ್ಲಿ ಎರಡೋ ಮೂರೋ ಉಳಿದಿದ್ದವು. ಒತಿಲಿಯಾ ನಗುತ್ತಿದ್ದಳು. ಎವೆಲಿಯೊನೂ ನಕ್ಕ. ಮುಂದೆ ವಿಮಾನವೊಂದು ಮನೆಗಳ ಮೇಲೆ ಏರಿ ಹೋದಾಗ ಇಬ್ಬರೂ ಕತ್ತೆತ್ತಿ ಅದನ್ನೇ ನೋಡಿದರು. ಅದು ಅವಳದಲ್ಲ, ಅವಳದಕ್ಕೆ ಇನ್ನೂ ಹೊತ್ತಿತ್ತು. ಆದರೂ ಎವೆಲಿಯೊ ಹಾರ್ನನ್ನು ಇನ್ನಷ್ಟು ಒತ್ತಿದ.

ನಿಲ್ದಾಣದ ಬಾಗಿಲಲ್ಲಿ ಯಾಮಿಲೆ ಇರಲಿಲ್ಲ.

ಪಾದಚಾರಿ ಕಟ್ಟೆಯ ಮೇಲೆ ದೊಡ್ಡ ಸೂಟ್‌ಕೇಸು ಇಳಿಸಿಕೊಂಡು ನಿಂತರು. ಸುತ್ತಲೂ ಅಪ್ಪಿಕೊಳ್ಳುವವರು, ಅಳುವವರು, ಒಬ್ಬನನ್ನು ಕಳಿಸಲು ಹತ್ತು ಜನ ಬಂದು ಫೋಟೊ ತೆಗೆಸಿಕೊಳ್ಳುವವರು. ಒತಿಲಿಯಾ ಜಪಸರ ಎಣಿಸುತ್ತಿದ್ದಳು. ಎವೆಲಿಯೊ ರಸ್ತೆಯನ್ನೇ ನೋಡುತ್ತಿದ್ದ. ತಾನು ಬಾಯಿ ಮುಚ್ಚಿ ಕೂತಿದ್ದ ಆ ಹೊತ್ತಿನಿಂದಲೇ ವಿಮಾನ ತಪ್ಪಿದರೆ ಇವಳ ಮುಖ ಹೇಗೆ ನೋಡುವುದು ಎಂದು ಅವನಿಗೆ ಚಿಂತೆಯಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ತನ್ನ ಹೆಂಡತಿ ತನ್ನನ್ನು ಬಿಟ್ಟು ಹೋಗಲೆಂದು ದೇವರನ್ನು ಬೇಡಿಕೊಂಡ.

ಆಗ ಕೇಳಿಸಿತು ಹಾರ್ನು. ಟ್ಯಾಕ್ಸಿಗಳ ಸಾಲನ್ನು ಸೀಳಿಕೊಂಡು ಯಾಮಿಲೆ ಬಂದಳು. ಹುಬ್ಬಿನ ಮೇಲೆ ಹಿಟ್ಟು, ಮೈಮೇಲೆ ಬೇಕರಿಯ ಏಪ್ರನ್ನು, ಬೆನ್ನ ಹಿಂದೆ ಹಿಟ್ಟಿನ ಚೀಲದ ಹಗ್ಗದಲ್ಲಿ ಬಿಗಿದ ಕಂದು ಸೂಟ್‌ಕೇಸು. ಎವೆಲಿಯೊಗೆ ಹೋದ ಜೀವ ಬಂದಂತಾಯಿತು. ಹಗ್ಗ ಬಿಚ್ಚಿ, ಸೂಟ್‌ಕೇಸನ್ನು ಕಟ್ಟೆಯ ಮೇಲಿಟ್ಟು, ಪಕ್ಕದಲ್ಲೇ ಕೂತ.

"ನನ್ನ ಬನ್ನೆಲ್ಲಾ ಎಲ್ಲಿ ಹೋಯ್ತು ದೋನ್ ಎವೆಲಿಯೊ?" ಎಂದಳು ಯಾಮಿಲೆ ವ್ಯಾನಿನೊಳಗೆ ಇಣುಕಿ. "ಇಬ್ಬರೇ ತಿಂದ್ರಾ?"

ಒತಿಲಿಯಾ ಮಂಡಿಯೂರಿ, ಕೊರಳ ಸರ ತೆಗೆದು, ಬೀಗ ಬಿಚ್ಚಿದಳು. ಗಂಡ ಪಕ್ಕದಲ್ಲೇ ಕೂತಿದ್ದಾನೆಂದು ಒಂದು ಗಳಿಗೆ ತಡೆದಳು. ಆಮೇಲೆ ಮುಚ್ಚಳ ಎತ್ತಿಯೇಬಿಟ್ಟಳು.

ಒಳಗೆ ಒಂದು ಹಸಿರು ಚೌಕಳಿಯ ಅಂಗಿ ಇತ್ತು. ನೀಟಾಗಿ ಇಸ್ತ್ರಿ ಮಾಡಿ ಮಡಿಸಿದ ಗಂಡಸರ ಅಂಗಿ. ಅದರ ಮಡಿಕೆಯಲ್ಲಿ ಪಾಸ್‌ಪೋರ್ಟು. ಬೇರೇನೂ ಇರಲಿಲ್ಲ.

ಯಾಮಿಲೆ ಪಾಸ್‌ಪೋರ್ಟು ಕಂಡು ಶಿಲುಬೆಯ ಗುರುತು ಮಾಡಿಕೊಂಡಳು. ಎವೆಲಿಯೊ ನೋಡುತ್ತಿದ್ದದ್ದು ಅಂಗಿಯನ್ನು. ವರ್ಷಗಟ್ಟಲೆ ಹುಡುಕಿ, ಒಗೆಯುವ ಅಂಗಡಿಯವರ ಮೇಲೆ ಕೂಗಾಡಿ, ಕೊನೆಗೆ ಆಸೆ ಬಿಟ್ಟಿದ್ದ ಅಂಗಿ.

"ಇದು ನಂದು," ಎಂದ.

"ನಿಮ್ಮದೇ. ಇನ್ಯಾರ ಅಂಗಿ ಇಟ್ಕೊಂಡು ಸುತ್ತಲಿ ನಾನು?" ಒತಿಲಿಯಾ ತಲೆ ಎತ್ತಲಿಲ್ಲ. "ಮದುವೆ ಆದ ವರ್ಷದಿಂದ್ಲೂ ನಿಮ್ಮದೊಂದು ಅಂಗಿ ಇದರಲ್ಲಿ ಇಟ್ಕೊಂಡೇ ಸುತ್ತಿದ್ದು. ಹಳೇದು ಹರಿದ್ರೆ ಇನ್ನೊಂದು. ನೀವಂತೂ ಬಾಗಿಲು ಬಿಟ್ಟು ಬರೋರಲ್ಲ, ನಿಮ್ಮ ಬದಲು ಅಂಗಿ ಆದ್ರೂ ಬರ್ಲಿ ಅಂತ. ಒಬ್ಳೇ ಹೋಗ್ಬೇಕು ಅಂತ ನಾನು ಯಾವತ್ತೂ ಕೇಳ್ಕೊಂಡಿಲ್ಲ ಕಣ್ರೀ. ನೋಡಿದ್ರೆ ನಗ್ತೀರಿ ಅಂತ ಬೀಗ ಹಾಕಿದ್ದು."

ಎವೆಲಿಯೊಗೆ ನಗು ಬರಲಿಲ್ಲ. ಕಣ್ಣು ತುಂಬಿಕೊಂಡಿತು. ಕ್ಷೌರದ ಕುರ್ಚಿಯ ಸುತ್ತ ಇಷ್ಟು ದಿನ ಕೇಳಿದ ಕುಹಕವೆಲ್ಲ, ಅರ್ನುಲ್ಫೊನ ಆರು ವರ್ಷವೆಲ್ಲ, ಆ ಅಂಗಿಯ ಎದುರು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದದ್ದು ಮಾತ್ರ ತಿಳಿಯಿತು.

"ದಾರೀಲಿ ನಿಂಗೆ ಹೇಳೋದು ಬೇಡ ಅಂತಿದ್ದೆ," ಎಂದ.

"ಗೊತ್ತು."

"ಗೊತ್ತಾ?"

"ಲಾರಿ ಅಷ್ಟು ದೂರ ಹೋದ್ರೂ ನೀವು ಗಾಡಿ ಬಿಡ್ಲಿಲ್ಲ. ಹಿಂದಿನ ಬಸ್ಸಿನೋನು ನಿಮ್ಮಮ್ಮನ್ನ ಬಾಯಿಗೆ ಬಂದಂಗೆ ಬೈದ್ರೂ ತಿರುಗಿ ನೋಡ್ಲಿಲ್ಲ. ಏನೋ ನಡೀತಾ ಇದೆ ಅಂತ ಗೊತ್ತಾಗಲ್ವಾ ನಂಗೆ?" ಆಕೆ ಪಾಸ್‌ಪೋರ್ಟನ್ನು ಕೆಂಪು ಕವರಿಗೆ ಸೇರಿಸಿ ಎದ್ದು ನಿಂತಳು. "ಹೇಳಿದ್ರಲ್ಲ. ಬಿಡಿ."

ಅಂಗಿಯನ್ನು ಕೊಡುತ್ತಾಳೆಂದು ಅವನು ಕೈ ಚಾಚಿದ. ಆಕೆ ಕೊಡಲಿಲ್ಲ. ಮಡಿಕೆ ಕೆಡದಂತೆ ಕೈಚೀಲದಲ್ಲಿಟ್ಟುಕೊಂಡಳು.

"ಇದು ನನ್ನ ಜೊತೆ ಬರುತ್ತೆ. ಬೇಕಿದ್ರೆ ಬಂದು ಇಸ್ಕೊಳ್ಳಿ."

ಗಂಡನನ್ನು ಅಪ್ಪಿಕೊಂಡಳು, ಯಾಮಿಲೆಯ ಹಿಟ್ಟಿನ ಕೆನ್ನೆಗೆ ಮುತ್ತು ಕೊಟ್ಟಳು, ಗ್ಯಾಸು ನೋಡುವುದನ್ನು ಇನ್ನೊಮ್ಮೆ ನೆನಪಿಸಿದಳು, ಗಾಜಿನ ಬಾಗಿಲಿನೊಳಗೆ ಹೋದಳು. ಎವೆಲಿಯೊ ಖಾಲಿ ಸೂಟ್‌ಕೇಸು ಹಿಡಿದು ಅವಳ ತಲೆ ಕಾಣುವವರೆಗೂ ನಿಂತಿದ್ದ. ಯಾಮಿಲೆ ಮೋಟರ್‌ಸೈಕಲ್ಲು ಏರಿ ಬೇಕರಿಗೆ ಹೊರಟ ಮೇಲೂ ಸ್ವಲ್ಪ ಹೊತ್ತು ನಿಂತಿದ್ದ. ವ್ಯಾನಿನಲ್ಲಿ ಕೂತು ಉಳಿದ ಒಂದು ಬನ್ನು ತಿನ್ನುತ್ತಿರುವಾಗ ಫೋನು ಗುಂಯ್‌ಗುಟ್ಟಿತು. ತಪಾಸಣೆ ಎಲ್ಲ ಮುಗಿಯಿತು, ವಿಮಾನ ಹತ್ತುವ ಬಾಗಿಲ ಹತ್ತಿರವೇ ಕೂತಿದ್ದೇನೆ, ಕಾಫಿ ಇಲ್ಲಿ ಬಹಳ ದುಬಾರಿ ಎಂದು ಬರೆದಿದ್ದಳು. ಅದನ್ನು ಎರಡು ಸಲ ಓದಿದ.

ಮರಳುವಾಗ ರಸ್ತೆ ಖಾಲಿಯಾಗಿತ್ತು. ಬೊಗೊಟಾದ ರಸ್ತೆಗೆ ಇದೊಂದು ಚಾಳಿ, ಅವಸರ ಮುಗಿದವನಿಗೆ ಹಾಸಿಕೊಡುತ್ತದೆ. ಎವೆಲಿಯೊ ಹಾಡು ಗುನುಗುತ್ತ, ಕೈಗಾಡಿಯವರಿಗೆಲ್ಲ ದಾರಿ ಬಿಡುತ್ತ, ನಿಧಾನವಾಗಿ ತುನಾಲ್ ಮುಟ್ಟಿ ಬೇಕರಿಯ ಮುಂದೆ ವ್ಯಾನು ನಿಲ್ಲಿಸಿದ. ತನ್ನ ಅಂಗಡಿ ತೆರೆಯಬೇಕಿತ್ತು. ಬಾಗಿಲಲ್ಲಿ ಒಬ್ಬ ಗಿರಾಕಿ ಆಗಲೇ ಕಾಯುತ್ತಿದ್ದ. ಎವೆಲಿಯೊ ಅವನಿಗೆ ಈಗ ಬಂದೆ ಎಂದು ಕೈಸನ್ನೆ ಮಾಡಿ, ವ್ಯಾನಿನಿಂದ ಕಂದು ಸೂಟ್‌ಕೇಸು ಇಳಿಸಿಕೊಂಡು, ಬೀದಿ ಹಿಡಿದು ನಡೆದ.

ಫೆಬ್ರವರಿ ತಿಂಗಳು, ನೆತ್ತಿಯ ಮೇಲೆ ಬಿಸಿಲು, ಗಂಟೆ ಇಲ್ಲ, ದ್ರಾಕ್ಷಿ ಇಲ್ಲ. ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಯಾರೋ ಬಸ್ಸು ತಪ್ಪಿತೇ ಎಂದು ಕೂಗಿದರು. ಎವೆಲಿಯೊ ತಲೆ ತಗ್ಗಿಸಲಿಲ್ಲ. ಮೊದಲ ತಿರುವು ದಾಟಿ, ಎರಡನೆಯದು ದಾಟಿ, ಔಷಧಿ ಅಂಗಡಿಯ ಮೂಲೆಗೆ ಬಂದ. ಅರ್ನುಲ್ಫೊ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಸೂಟ್‌ಕೇಸನ್ನೊಮ್ಮೆ, ಎವೆಲಿಯೊನನ್ನೊಮ್ಮೆ ನೋಡಿದ.

"ಎಲ್ಲಿಗೆ ಹೊರಟ್ರಿ ದೋನ್ ಎವೆಲಿಯೊ?"

"ವೇಲೆನ್ಸಿಯಾಕ್ಕೆ," ಎಂದ ಎವೆಲಿಯೊ ನಿಲ್ಲದೆ. "ನಂದೊಂದು ಅಂಗಿ ಇದೆ ಅಲ್ಲಿ, ಇಸ್ಕೊಂಡು ಬರ್ಬೇಕು."